ಹೆಪ್ಪಾಗದ ಹಾಲು

ನಮ್ಮೂರ ಆಸ್ಪತ್ರೆಯಲ್ಲಿ ಗ್ಲೌಸ್ ಪರೀಕ್ಷೆ ಮಾಡುವುದು ನನ್ನ ಕೆಲಸವಾಗಿತ್ತು. ಹೊಸ ಪೆಟ್ಟಿಗೆ ಬಂದಾಗಲೆಲ್ಲ ಅದರಿಂದ ಐವತ್ತು ಗ್ಲೌಸ್ ಎತ್ತಿಕೊಳ್ಳುತ್ತಿದ್ದೆ. ಒಂದೊಂದರಲ್ಲೂ ಒಂದು ಲೀಟರ್ ನೀರು ತುಂಬಿಸಿ, ಕೊಕ್ಕೆಗೆ ತೂಗುಹಾಕಿ, ಎರಡು ನಿಮಿಷ ಎದುರಿಗೆ ಕೂತು ನೋಡುತ್ತಿದ್ದೆ. ಹನಿ ಬೀಳದಿದ್ದರೆ ಒರೆಸಿ ಒಣಗಿಸಿ ಕೈಗೆ ಹಾಕಿಕೊಂಡು ಅರ್ಧ ಗಂಟೆ ಹೆರಿಗೆ ವಾರ್ಡಿನ ಕೆಲಸಗಳನ್ನೆಲ್ಲ ಮಾಡುತ್ತಿದ್ದೆ. ಒದ್ದೆ ಬಟ್ಟೆ ಹಿಂಡುವುದು, ದಾರಕ್ಕೆ ಗಂಟು ಹಾಕುವುದು, ಬಾಟಲಿಯ ಮುಚ್ಚಳ ತಿರುಗಿಸುವುದು, ಮಂಚದ ಸರಳನ್ನು ಬಿಗಿಯಾಗಿ ಹಿಡಿದು ಬಿಡುವುದು. ಕೊನೆಗೆ ಆ ಕೈಯನ್ನು ಉಗುರುಬೆಚ್ಚಗಿನ ಹಾಲಿನ ಬಟ್ಟಲಲ್ಲಿ ಅದ್ದಿ ತೆಗೆಯುತ್ತಿದ್ದೆ. ಕಾಲು ಗಂಟೆ ಬಿಟ್ಟು ಬಟ್ಟಲನ್ನು ಓರೆ ಮಾಡಿದಾಗ ಹಾಲು ಹಾಲಾಗಿಯೇ ಇದ್ದರೆ ಗ್ಲೌಸ್ ಪಾಸು. ಮೊಸರಾಗಿದ್ದರೆ ಎಲ್ಲೋ ಕಣ್ಣಿಗೆ ಕಾಣದ ತೂತಿದೆ ಎಂದು ಅರ್ಥ, ಫೇಲು. ಪಾಸಾದ ಹಾಲೂ ಫೇಲಾದ ಮೊಸರೂ ಹಿತ್ತಲ ಬೆಕ್ಕುಗಳ ಪಾಲು. ಅವಕ್ಕೆ ಹಾಲಿಗಿಂತ ಮೊಸರೇ ಇಷ್ಟ.

ಹಾಲು ಹೆಪ್ಪಾಗುವುದು ನನ್ನ ಕೈಗುಣ. ಬರಿ ಬೆರಳ ತುದಿ ತಾಗಿದರೆ ಸಾಕು. ಆಸ್ಪತ್ರೆಯಲ್ಲಿ ಎಲ್ಲರೂ ನನ್ನನ್ನು ಹೆಪ್ಪಮ್ಮ ಎನ್ನುತ್ತಾರೆ. ನನ್ನ ಹೆಸರು ನೀಲಾಂಬಿಕೆ, ಬಿ.ಎಸ್ಸಿ. ಮಾಡಿದವಳು ಎಂಬುದು ಹಳೆಯ ಕಡತದಲ್ಲಿ ಮಾತ್ರ ಉಳಿದಿದೆ.

ನಮ್ಮೂರಲ್ಲಿ ಎಲ್ಲರ ಕೈಗೂ ಒಂದಲ್ಲ ಒಂದು ಗುಣವಿದೆ. ಬರಿಗೈಗೆ ಬರಿಗೈ ತಾಗಿದರೆ ಎರಡೂ ಕೈಗಳ ಗುಣ ಅದಲುಬದಲಾಗುತ್ತದೆ. ಅದೂ ಆ ಇಬ್ಬರ ನಡುವೆ ಒಂದೇ ಸಲ. ಆಮೇಲೆ ಅವರು ಎಷ್ಟು ಸಲ ಕೈ ಹಿಡಿದರೂ ಏನೂ ದಾಟುವುದಿಲ್ಲ. ಮಕ್ಕಳ ಕೈಗೆ ಹತ್ತು ವರ್ಷದ ತನಕ ಗುಣ ಬರುವುದಿಲ್ಲವಾದ್ದರಿಂದ ಅವರನ್ನು ಯಾರು ಬೇಕಾದರೂ ಹಿಡಿದು ನಡೆಸಬಹುದು. ದೊಡ್ಡವರು ಮಾತ್ರ ಹತ್ತಿಯ ಗವಸು ಹಾಕಿಕೊಂಡೇ ಹೊರಗೆ ಬರುತ್ತಾರೆ. ಬಸ್ಸಿನ ಕಂಡಕ್ಟರು ಟಿಕೆಟನ್ನು ಚಿಮಟದಲ್ಲಿ ಕೊಡುತ್ತಾನೆ, ಹೂ ಮಾರುವವಳು ಮೊಳ ಹಾಕಿದ ಹೂವನ್ನು ಎಲೆಯ ಮೇಲಿಟ್ಟು ದೂಡುತ್ತಾಳೆ. ಮದುವೆಯಲ್ಲಿ ಧಾರೆಯ ಹೊತ್ತಿಗೆ ಗಂಡು ಹೆಣ್ಣು ಗವಸು ತೆಗೆದು ಸಭೆಯ ಎದುರಿಗೇ ಕೈ ಹಿಡಿಯುತ್ತಾರೆ. ನನ್ನದು ಕಡ್ಡಿ ನೆಟ್ಟರೆ ಚಿಗುರುವ ಕೈಯಾಗಿತ್ತು. ಅದು ಯಜಮಾನರಿಗೆ ಹೋಯಿತು. ಅವರ ಹೆಪ್ಪಿನ ಕೈ ನನಗೆ ಬಂತು. ಅವರು ಮೂವತ್ತು ವರ್ಷ ದಾಸವಾಳ ಬೆಳೆಸಿದರು, ನಾನು ಮೊಸರು ಮಾಡಿದೆ. ಅವರು ಹೋಗಿ ಹನ್ನೊಂದು ವರ್ಷವಾಯಿತು. ಅಲ್ಲಿಂದೀಚೆಗೆ ನಾನು ದೊಡ್ಡವರ ಯಾರ ಬರಿಗೈಯನ್ನೂ ಹಿಡಿದಿರಲಿಲ್ಲ. ಹಿಡಿಯುವಂಥ ಕಾರಣವೂ ಬಂದಿರಲಿಲ್ಲ.

ನಾನು ಹೇಳಹೊರಟದ್ದು ಸಿಸ್ಟರ್ ಕೆಂಪಾಜಮ್ಮನ ವಿಷಯ. ಹೆರಿಗೆ ವಾರ್ಡು ಅವಳದು. ಮೂವತ್ತೊಂದು ವರ್ಷದಲ್ಲಿ ಅವಳ ಕೈಯಲ್ಲಿ ಒಂದು ಕೂಸೂ ತಪ್ಪಿರಲಿಲ್ಲ. ಆ ಕೈಗುಣ ಅವಳಿಗೆ ಬಂದದ್ದು ಗಂಡನಿಂದ. ಸೈಕಲ್ ಅಂಗಡಿಯಲ್ಲಿ ಕೂತಿದ್ದ ಅವನಿಗೆ ತನ್ನ ಕೈಯಲ್ಲಿ ಏನಿದೆ ಎಂಬುದೇ ತಿಳಿದಿರಲಿಲ್ಲ. ಅವಳದು ಒಡೆದದ್ದನ್ನು ಕೂಡಿಸುವ ಕೈ. ಅದು ಸಿಕ್ಕಮೇಲೆ ಅವನು ಹಾಕಿದ ಪಂಕ್ಚರು ಮತ್ತೆ ಬಿಟ್ಟದ್ದಿಲ್ಲವಂತೆ. ಸುತ್ತಲಿನ ಹೆಂಗಸರು ದಿನ ತುಂಬುತ್ತಲೇ ಗಾಡಿ ಕಟ್ಟಿಸಿಕೊಂಡು ನಮ್ಮೂರಿಗೆ ಬರುತ್ತಿದ್ದರು. ಬೇನೆ ಬಂದವಳು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾಳೆ. ಹೆಚ್ಚಿನ ಸಲ ಸಿಗುವುದು ಸಿಸ್ಟರ ಕೈಯೇ. ಆ ಹಿಡಿತಕ್ಕೆ ಗ್ಲೌಸ್ ಹರಿದರೆ ಕೆಂಪಾಜಮ್ಮನ ಕೈಗುಣ ಮಂಚದ ಮೇಲಿದ್ದವಳ ಪಾಲಾಗಿ, ಅವಳ ರಂಗೋಲಿಯ ಕೈಯೋ ರೊಟ್ಟಿಯ ಕೈಯೋ ಇವಳಿಗೆ ಬರುತ್ತದೆ. ಹಾಗಾಗದಿರಲೆಂದೇ ನನ್ನ ಹಾಲಿನ ಬಟ್ಟಲುಗಳು.

ಆ ವರ್ಷ ಅವಳಿಗೆ ರಬ್ಬರ್ ಗ್ಲೌಸ್ ಒಗ್ಗದೇ ಹೋಯಿತು. ಮೊದಲು ಬೆರಳ ಸಂದಿಯಲ್ಲಿ ಕೆಂಪಾಯಿತು, ಆಮೇಲೆ ಮುಂಗೈ ತುಂಬ ದದ್ದು, ಆಮೇಲೆ ಬಿರುಕು. ಅವಳು ಯಾರಿಗೂ ಹೇಳಲಿಲ್ಲ. ಪ್ರತಿ ಹೆರಿಗೆಯ ನಂತರ ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ಹಿಡಿದು ನಿಲ್ಲುವುದನ್ನು ಆಯಾ ಚೌಡಮ್ಮ ನೋಡಿ, ದೊಡ್ಡ ಡಾಕ್ಟರಾದ ಸದಾನಂದರಾಯರ ಕಿವಿಗೆ ಹಾಕಿದಳು. ರಾಯರು ಕೈ ನೋಡಿ, ರಬ್ಬರನ್ನು ಇನ್ನು ಮುಟ್ಟಕೂಡದು, ಬೇರೆ ಗ್ಲೌಸ್ ಒಗ್ಗಿದರೆ ಸರಿ, ಇಲ್ಲದಿದ್ದರೆ ವಾರ್ಡು ಬಿಡಬೇಕು ಎಂದರು.

ಸ್ಟೋರಿನ ಷಡಕ್ಷರಪ್ಪನವರು ಎರಡು ಬಗೆಯದನ್ನು ತರಿಸಿಕೊಟ್ಟರು. ಒಂದು ವಿನೈಲ್, ಮಿಠಾಯಿ ಸುತ್ತುವ ಕಾಗದದ ಹಾಗೆ ಪಾರದರ್ಶಕ, ಕೈಮೇಲೆ ಸಡಿಲ. ಇನ್ನೊಂದು ನೈಟ್ರೈಲ್, ನೀಲಿ ಬಣ್ಣದ್ದು, ಚರ್ಮಕ್ಕೆ ಅಂಟಿದಂತೆ ಕೂರುತ್ತಿತ್ತು.

"ಈ ಗಾಜಿನಂಥದ್ದು ಎಷ್ಟು ಬೇಕಾದ್ರೂ ಸಿಗುತ್ತೆ ಮೇಡಂ. ನೀಲಿದಕ್ಕೆ ಎರಡು ತಿಂಗಳು ಕಾಯ್ಬೇಕು. ನಿಮ್ಮ ಹಾಲು ಇದನ್ನೇ ಒಪ್ಕೊಂಡ್ರೆ ನಾನು ಬದುಕ್ದೆ" ಎಂದರು.

"ಹಾಲಿಗೆ ನಾನು ಶಿಫಾರಸು ಮಾಡಕ್ಕಾಗಲ್ಲ ಷಡಕ್ಷರಪ್ಪ" ಎಂದೆ.

ವಿನೈಲಿನ ಮೊದಲ ಜೊತೆ ಹಾಕಿಕೊಂಡು ಹಿಂಡುವುದು, ಗಂಟು ಹಾಕುವುದು ಎಲ್ಲ ಮುಗಿಸಿ ಹಾಲಿಗೆ ಅದ್ದಬೇಕು ಎನ್ನುವಾಗ ಕೆಂಪಾಜಮ್ಮ ಬಂದಳು.

"ಏನಂತು ನೀಲಕ್ಕ ನಿಮ್ಮ ಹಾಲು? ನಾನು ವಾರ್ಡಲ್ಲಿ ಇರ್ಲಾ, ಗಂಡನ ಅಂಗಡೀಲಿ ಗಾಳಿ ಹೊಡೀಲಾ?"

ನಗುತ್ತಲೇ ಕೇಳಿದಳು. ಕೈಗಳನ್ನು ಮಾತ್ರ ಬೆನ್ನ ಹಿಂದೆ ಇಟ್ಟುಕೊಂಡಿದ್ದಳು. ತೋರಿಸು ಎಂದೆ. ಹತ್ತಿ ಗವಸು ಬಿಚ್ಚಿದಳು. ಬೆರಳ ಗೆಣ್ಣುಗಳು ಬಿರಿದು ಒಂದೆರಡು ಕಡೆ ರಕ್ತ ಜಿನುಗಿತ್ತು. ಬೇವಿನೆಲೆ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ನನ್ನ ಮೇಜಿನ ಖಾನೆಯಲ್ಲಿ ಇರುತ್ತಿತ್ತು. ನಾನೇ ಹಚ್ಚಿಕೊಡಲು ಹೋದಾಗ ಅವಳು ಕೈ ಹಿಂದಕ್ಕೆಳೆದುಕೊಂಡಳು.

"ನನಗೆ ಹೇಗೂ ಗ್ಲೌಸ್ ಇದೆಯಲ್ಲ. ಕೊಡು ಇಲ್ಲಿ" ಎಂದೆ.

ಎರಡೂ ಕೈಗೆ ನಿಧಾನವಾಗಿ ಎಣ್ಣೆ ಹಚ್ಚಿದೆ. ಅವಳು ಕಣ್ಣು ಮುಚ್ಚಿ ಕೂತಿದ್ದಳು. ಹೋದಮೇಲೆ ಎಣ್ಣೆ ಹತ್ತಿದ ಗ್ಲೌಸನ್ನು ಹಾಲಿಗೆ ಅದ್ದುವಂತಿರಲಿಲ್ಲವಾದ್ದರಿಂದ ಎಸೆದೆ. ಬದಲಿಗೆ ಪೆಟ್ಟಿಗೆಯಿಂದ ಇನ್ನೊಂದು ಜೊತೆ ತೆಗೆದುಕೊಂಡು ಮೊದಲಿನಿಂದ ಶುರು ಮಾಡಿದೆ.

ಮೂರು ದಿನದಲ್ಲಿ ಐವತ್ತೂ ಮುಗಿಯಿತು. ಒಂದೇ ಒಂದು ಬಟ್ಟಲೂ ಹೆಪ್ಪಾಗಲಿಲ್ಲ. ನೀಲಿಯ ಐವತ್ತರಲ್ಲೂ ಅಷ್ಟೇ. ಎರಡೂ ಪಾಸು ಎಂದು ಬರೆದೆ. ನಾನು ಕಲಿಯುವಾಗ, ಯಾವುದೇ ಪರೀಕ್ಷೆಗೆ ಮೊದಲು ಅಳತೆಗೋಲು ಸರಿಯಿದೆಯೇ ನೋಡಬೇಕು ಎಂದು ಹೇಳಿಕೊಟ್ಟಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ದಿನಾ ಬೆಳಿಗ್ಗೆ ಬರಿಬೆರಳನ್ನು ಒಂದು ಬಟ್ಟಲಿಗೆ ಅದ್ದಿ ನೋಡುತ್ತಿದ್ದೆ. ಅದು ದಿನಾ ಹೆಪ್ಪಾಗುತ್ತಿತ್ತು. ಮೂರನೆಯ ವರ್ಷ ಬಿಟ್ಟೆ. ಮನೆಯಲ್ಲಾದರೂ ಗೊತ್ತಾಗಬಹುದಿತ್ತು. ಆದರೆ ಹಗಲೆಲ್ಲ ಹಾಲಿನ ವಾಸನೆಯಲ್ಲಿ ಇದ್ದು ಇದ್ದು, ಮನೆಗೆ ಹಾಲು ತರಿಸುವುದನ್ನೇ ನಿಲ್ಲಿಸಿದ್ದೆ. ಬರಿಯ ಡಿಕಾಕ್ಷನ್ನಿಗೆ ಬೆಲ್ಲ ಹಾಕಿ ಕುಡಿಯುತ್ತಿದ್ದೆ.

ಹೆರಿಗೆ ವಾರ್ಡಿಗೆ ವಿನೈಲ್ ಹೋಯಿತು. ಹತ್ತು ದಿನದಲ್ಲಿ ಕೆಂಪಾಜಮ್ಮನ ಬಿರುಕು ಮಾಯತೊಡಗಿತು. ಷಡಕ್ಷರಪ್ಪ ಸಂತೋಷಕ್ಕೆ ನನ್ನ ಕೋಣೆಗೆ ಹೊಸ ಕೊಕ್ಕೆಗಳನ್ನು ಹೊಡೆಸಿಕೊಟ್ಟರು. ನನ್ನ ಬೆಕ್ಕುಗಳು ಮಾತ್ರ ಹಾಲಿನ ತಟ್ಟೆಯನ್ನು ಮೂಸಿ ನೋಡಿ ಹೊರಟುಹೋಗುತ್ತಿದ್ದವು. ಎಲ್ಲ ಮೇಲಿನ ಹೆರಿಗೆ ವಾರ್ಡಿನ ಹಿಂಬದಿಯ ಮೆಟ್ಟಿಲಿನಲ್ಲಿ ಸೇರಿರುವುದನ್ನು ಒಂದು ದಿನ ಕಂಡೆ. ಅಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆ, ಅದಕ್ಕೇ ಎಂದುಕೊಂಡೆ.

ಒಂದು ತಿಂಗಳ ಮೇಲೆ ನಾಲ್ಕು ದಿನ ಕಳೆದಿತ್ತು. ಬೇರೆ ವಾರ್ಡಿನ ರಬ್ಬರ್ ಗ್ಲೌಸ್ ಪರೀಕ್ಷೆ ಮಾಡುವಾಗ ಹೆಬ್ಬೆರಳಿನ ಬುಡ ಮೇಜಿನ ಮೊಳೆಗೆ ಸಿಕ್ಕಿ ಹರಿಯಿತು. ಸಂದಿಯಲ್ಲಿ ನನ್ನ ಚರ್ಮ ಕಾಣುತ್ತಿತ್ತು. ಎಸೆಯುವ ಬದಲು, ಯಾಕೋ, ಹಾಲಿಗೆ ಅದ್ದಿದೆ. ಕಾಲು ಗಂಟೆಯಾಯಿತು. ಓರೆ ಮಾಡಿದರೆ ಹಾಲು ಅಂಚಿನ ತನಕ ಹರಿದು ಬಂತು. ಗ್ಲೌಸ್ ತೆಗೆದು ಬರಿಬೆರಳನ್ನು ಇನ್ನೊಂದು ಬಟ್ಟಲಿಗೆ ಅದ್ದಿದೆ. ಒಂದು ಗಂಟೆ ಕಾದೆ. ಹಾಲು ತಣ್ಣಗಾಯಿತು, ಮೇಲೆ ತೆಳ್ಳಗೆ ಕೆನೆ ಕಟ್ಟಿತು, ಅಷ್ಟೇ.

ಯಜಮಾನರ ಕೈ ನನ್ನಲ್ಲಿ ಇರಲಿಲ್ಲ.

ಎಲ್ಲಿ ಹೋಯಿತು ಎಂದು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ಇಡೀ ತಿಂಗಳಲ್ಲಿ ಹಾಲಿಗೆ ಅದ್ದದೆ ಎಸೆದದ್ದು ಒಂದೇ ಜೊತೆ. ಅರ್ಧ ಗಂಟೆ ಗಂಟು ಹಾಕಿ, ಹಿಂಡಿ, ಸರಳು ಹಿಡಿದು ಸವೆದ ವಿನೈಲಿನಲ್ಲಿ ಕೆಂಪಾಜಮ್ಮನ ಬರಿಗೈಗೆ ಎಣ್ಣೆ ತಿಕ್ಕಿದ್ದೆ. ಅವಳ ಕೈ ಕಾಯಬೇಕಾದವಳು ನಾನು. ನಾನೇ ಅದನ್ನು ತೆಗೆದುಕೊಂಡು ಬಂದಿದ್ದೆ. ಮೇಲಿಂದ, ಹೆಪ್ಪು ಬಾರದ ಕೈಯಿಂದ ಆ ತೂತು ಗ್ಲೌಸನ್ನೇ ಪಾಸು ಮಾಡಿ ಅವಳಿಗೆ ಕಳಿಸಿದ್ದೆ. ಕೈಗುಣವಿಲ್ಲದ ಕೈಯಲ್ಲಿ ಒಂದು ತಿಂಗಳು ಹೆರಿಗೆಗಳು ನಡೆದಿದ್ದವು.

ಹಿಂಬದಿಯ ಮೆಟ್ಟಿಲು ಹತ್ತಿದೆ. ಬೆಕ್ಕುಗಳು ಒಂದು ತಟ್ಟೆಯ ಸುತ್ತ ಕೂತಿದ್ದವು. ತಟ್ಟೆಯಲ್ಲಿ ಇದ್ದದ್ದು ಮೊಸರು.

ವಾರ್ಡಿನ ಪಕ್ಕದ ಸಣ್ಣ ಕೋಣೆಯ ಕಿಟಕಿಯಲ್ಲಿ ಆರು ಸ್ಟೀಲ್ ಬಟ್ಟಲುಗಳು ಸಾಲಾಗಿದ್ದವು. ಒಂದೊಂದರ ಕೆಳಗೂ ಔಷಧಿ ಚೀಟಿ. ಅಕ್ಷರ ಕೆಂಪಾಜಮ್ಮನದು. ವಿನೈಲ್, ಹತ್ತು ನಿಮಿಷ, ಹಾಲು. ವಿನೈಲ್, ಇಪ್ಪತ್ತು ನಿಮಿಷ, ಹಾಲು. ವಿನೈಲ್, ಮೂವತ್ತು ನಿಮಿಷ, ಮೊಸರು. ಅದನ್ನೇ ಮತ್ತೆ, ಮೊಸರು. ನೀಲಿ, ಒಂದು ಗಂಟೆ, ಹಾಲು. ನೀಲಿ, ಒಂದೂವರೆ ಗಂಟೆ, ಹಾಲು. ಹಳೆಯ ಚೀಟಿಗಳನ್ನು ದಾರದಲ್ಲಿ ಪೋಣಿಸಿ ಕಿಟಕಿಯ ಸರಳಿಗೆ ಕಟ್ಟಿದ್ದಳು. ಕಟ್ಟು ದಪ್ಪಗಿತ್ತು.

"ಬಂದ್ರಾ?" ಎಂದಳು ಹಿಂದಿನಿಂದ. "ಇವತ್ತು ಬರ್ತೀರಿ, ನಾಳೆ ಬರ್ತೀರಿ ಅಂತ ನೋಡ್ತಾನೇ ಇದ್ದೆ."

"ನಿನಗೆ ಯಾವಾಗ ಗೊತ್ತಾಯ್ತು?"

"ಅವತ್ತೇ ಸಾಯಂಕಾಲ. ಕಾಫಿಗೆ ಇಟ್ಟಿದ್ದ ಹಾಲಲ್ಲಿ ಒಂದು ಕಸ ಬಿದ್ದಿತ್ತು, ಬೆರಳಲ್ಲಿ ತೆಗೆದೆ. ಪಾತ್ರೆಗೆ ಪಾತ್ರೆನೇ ಕಲ್ಲಾಯ್ತು. ಒಂದು ವಾರ ನಮ್ಮನೆಯವ್ರಿಗೆ ಕಾಫಿ ಇಲ್ಲ. ಈಗ ಅವರೇ ಕಾಸ್ಕೋತಾರೆ, ನನ್ನ ಒಲೆ ಹತ್ರ ಬಿಡಲ್ಲ."

"ನನಗೆ ಹೇಳಬಾರದಿತ್ತೇನೇ?"

"ಹೇಳಿದ್ರೆ ನೀವು ಸುಮ್ಮನಿರ್ತಿದ್ರಾ? ಅವತ್ತೇ ರಾಯರ ಹತ್ರ ಓಡ್ತಿದ್ರಿ. ನಿಮ್ಮ ಕೆಲಸ ಹೋಗೋದು, ನನ್ನ ವಾರ್ಡು ಹೋಗೋದು. ಎಣ್ಣೆ ಹಚ್ಚಿದ ತಪ್ಪಿಗೆ ಇಬ್ಬರೂ ಮನೇಲಿ ಕೂರ್ಬೇಕಿತ್ತು." ಬಟ್ಟಲೊಂದನ್ನು ಎತ್ತಿ ಓರೆ ಮಾಡಿ ನೋಡಿ ಕೆಳಗಿಟ್ಟಳು. "ಹೇಗೂ ಹೆಪ್ಪಿನ ಕೈ ಇಲ್ಲಿಗೆ ಬಂದಿತ್ತಲ್ಲ, ನಿಮ್ಮ ಪರೀಕ್ಷೆ ನಾನು ಮುಂದುವರಿಸ್ದೆ. ಗಾಜಿನಂಥದ್ದು ಇಪ್ಪತ್ತು ನಿಮಿಷ ಬಾಳುತ್ತೆ, ಆಮೇಲೆ ನಂಬೋಹಾಗಿಲ್ಲ. ಇಪ್ಪತ್ತಾಗೋದ್ರೊಳಗೆ ಬದಲಾಯಿಸ್ತೀನಿ. ಹಿಡ್ಕೊಳ್ಳೋಕೆ ಅವರಿಗೆ ಕೈ ಬದಲು ಟವಲು ಸುತ್ತಿ ಕೊಡ್ತೀನಿ. ನೀಲಿದು ನಿಜಕ್ಕೂ ಒಳ್ಳೇದು. ಷಡಕ್ಷರಪ್ಪನ ಕಾಡಿ ಬೇಡಿ ಮುಂಚೇನೇ ನಾಲ್ಕು ಪೆಟ್ಟಿಗೆ ತರಿಸ್ಕೊಂಡಿದೀನಿ, ಕಷ್ಟದ ಹೆರಿಗೆಗೆ ಅಂತ ಎತ್ತಿಟ್ಟಿದೀನಿ."

"ಮಕ್ಕಳು?" ಎಂದೆ.

"ಹತ್ತೊಂಬತ್ತು" ಎಂದಳು. "ಎಲ್ಲ ಅತ್ತಿವೆ. ಎಲ್ಲ ಹಾಲು ಕುಡಿದಿವೆ."

ನಾನು ದಾರಿಯಲ್ಲೇ ಯೋಚಿಸಿಕೊಂಡು ಬಂದಿದ್ದನ್ನು ಹೇಳಿದೆ. ನನ್ನ ಅವಳ ನಡುವೆ ಇನ್ನು ಏನೂ ದಾಟುವುದಿಲ್ಲ, ನಿಜ. ಆದರೆ ಮೂರನೆಯವರೊಬ್ಬರಿದ್ದರೆ ಆಗುತ್ತದೆ. ನಾನು ಚೌಡಮ್ಮನ ಕೈ ಹಿಡಿದರೆ ಹೆರಿಗೆಯ ಕೈ ಚೌಡಮ್ಮನಿಗೆ ಹೋಗುತ್ತದೆ, ಚೌಡಮ್ಮ ಕೆಂಪಾಜಮ್ಮನ ಕೈ ಹಿಡಿದರೆ ಅವಳದು ಅವಳಿಗೆ ಬರುತ್ತದೆ. ಹೆಪ್ಪಿನ ಕೈ ಚೌಡಮ್ಮನಲ್ಲಿ ಉಳಿಯುತ್ತದೆ, ಉಳಿಯಲಿ, ಗ್ಲೌಸ್ ಪರೀಕ್ಷೆ ಅವಳೇ ಮಾಡಲಿ.

ಕೆಂಪಾಜಮ್ಮ ತಲೆಯಾಡಿಸಿದಳು.

"ಬೇಡ ನೀಲಕ್ಕ. ಮೂವತ್ತೊಂದು ವರ್ಷ ಆಯ್ತು. ಹುಟ್ಟಿದ ಕೂಸಿಗೆಲ್ಲ ಊರು ಏನಂತು? ಕೆಂಪಾಜಮ್ಮನ ಕೈಗುಣ ಅಂತು. ರಾತ್ರಿ ಹಗಲು ನಿಂತಿದ್ದು, ಮಗು ಯಾವ ಕಡೆ ತಿರುಗಿದೆ ಅಂತ ಹೊಟ್ಟೆ ಮೇಲೆ ಕೈಯಿಟ್ಟು ಕಲ್ತಿದ್ದು, ಯಾರೂ ಕೆಲಸ ಅನ್ಲಿಲ್ಲ. ನಾನೂ ಅಂದ್ಕೊಂಡಿರಲಿಲ್ಲ ಅನ್ನಿ. ಗಂಡನ ಕೈ ಮಾಡ್ತು, ನಾನು ಜೊತೇಲಿದ್ದೆ ಅಂದ್ಕೊಂಡಿದ್ದೆ. ಈ ಒಂದು ತಿಂಗಳು ಮೊಸರಿನ ಕೈಯಲ್ಲಿ ಮಾಡಿದೀನಲ್ಲ, ಇದು ನಂದು."

"ಸುಲಭದ ಹೆರಿಗೆಗಳಾಗಿದ್ದವೋ ಏನೋ" ಎಂದೆ. ಹಾಗೆನ್ನಬಾರದಿತ್ತು. ಆದರೆ ಅದು ನನ್ನ ಮನಸ್ಸಿನಲ್ಲಿತ್ತು.

"ಆಗಿದ್ದವು" ಎಂದು ಅವಳು ಒಪ್ಪಿಕೊಂಡಳು. "ಕಷ್ಟದ್ದು ಇನ್ನೂ ಬಂದಿಲ್ಲ."

ಅದು ಬಂದದ್ದು ಮರುದಿನ ಹನ್ನೊಂದು ಗಂಟೆಯ ಬಿಸಿಲಿನಲ್ಲಿ. ಆ ಒಂದು ತಿಂಗಳಲ್ಲಿ ಪಾಸು ಮಾಡಿದ್ದ ಪೆಟ್ಟಿಗೆಗಳನ್ನೆಲ್ಲ ವಾಪಸು ತರಿಸಿಕೊಳ್ಳಲು ಪಟ್ಟಿ ಮಾಡಿ, ಅದನ್ನು ತೋರಿಸಲು ಮೇಲೆ ಹೋಗಿದ್ದೆ. ಚೌಡಮ್ಮ ಬಾಗಿಲಲ್ಲಿ ನಿಂತು, "ಸಿಸ್ಟರೇ, ಕಾಲು ಮುಂದೆ ಬಂದಿದೆ. ರಾಯರು ಪಕ್ಕದೂರಿಗೆ ಹೋಗಿದಾರೆ, ಕರೆ ಕಳಿಸಿದೀವಿ, ಬರೋದು ತಡ" ಎಂದಳು. ಒಳಗಿದ್ದವಳು ಚೊಚ್ಚಲ ಬಸುರಿ, ಇಪ್ಪತ್ತರ ಹುಡುಗಿ. ಅವಳ ನರಳಾಟ ಹೊರಗೆ ಕೇಳುತ್ತಿತ್ತು.

ನಾನು ಹತ್ತಿ ಗವಸನ್ನು ಬಿಚ್ಚಿದೆ. ಯೋಚಿಸಿ ಬಿಚ್ಚಿದ್ದಲ್ಲ. ಚೌಡಮ್ಮ ಒಂದು ಮಾರು ದೂರದಲ್ಲಿದ್ದಳು. ಹತ್ತು ಎಣಿಸುವಷ್ಟರಲ್ಲಿ ಕೆಂಪಾಜಮ್ಮನ ಕೈ ಕೆಂಪಾಜಮ್ಮನಿಗೆ ಸೇರುತ್ತಿತ್ತು. "ಈಗ ಹಟ ಬೇಡ" ಎಂದೆ. "ಆ ಹುಡುಗಿ ಬಂದಿರೋದು ನಿನ್ನ ಕೈ ನಂಬಿ."

ಅವಳು ನನ್ನ ಬರಿಗೈಯನ್ನು ನೋಡಿದಳು, ಚೌಡಮ್ಮನನ್ನು ನೋಡಿದಳು. ಬಾಗಿಲ ಆಚೆಯ ದನಿಗೆ ಕಿವಿಗೊಟ್ಟಳು. ಅವಳಿಗೂ ಹೆದರಿಕೆಯಿತ್ತು.

"ಸೊಂಟದವರೆಗೂ ತಾನಾಗೇ ಬರಕ್ಕೆ ಬಿಡ್ಬೇಕು" ಎಂದಳು. ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ. "ಎಳೀಬಾರ್ದು. ಎಳೆದವರೇ ಕೆಡ್ಸೋದು. ಆಮೇಲೆ ಬೆನ್ನು ಮೇಲಕ್ಕೆ ಬರೋಹಾಗೆ ಹಿಡ್ಕೊಂಡು, ಒಂದೊಂದೇ ತೋಳು. ಇದು ನನ್ನ ತಲೇಲಿದೆ ನೀಲಕ್ಕ, ಕೈಯಲ್ಲಿಲ್ಲ." ನೀಲಿ ಗ್ಲೌಸಿನ ಪೆಟ್ಟಿಗೆ ತೆಗೆದು, ಒಂದು ಜೊತೆ ಹಾಕಿಕೊಂಡು ಒಳಗೆ ಹೋದಳು. ಹೋಗುವಾಗ ಚೌಡಮ್ಮನಿಗೆ, "ಟವಲು ಬೇಡ ಇವತ್ತು, ನನ್ನ ಒಂದು ಕೈ ಬಿಡುವಾದಾಗ ಅವಳು ಅದನ್ನೇ ಹಿಡ್ಕೊಳ್ಳಲಿ. ಪಾಪ, ಹೆದರಿದಾಳೆ" ಎಂದದ್ದು ಕೇಳಿಸಿತು.

ನಾನು ಬಟ್ಟಲುಗಳ ಪಕ್ಕದಲ್ಲಿ ಕೂತೆ. ಮೂವತ್ತೊಂದು ವರ್ಷ ಒಂದು ಮಗುವನ್ನೂ ಬಿಟ್ಟುಕೊಡದ ಗುಣ ನನ್ನ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಅದನ್ನು ಏನು ಮಾಡಬೇಕೆಂದು ನನಗೆ ತಿಳಿದಿರಲಿಲ್ಲ. ಅಭ್ಯಾಸಬಲದಿಂದ ಗಡಿಯಾರ ನೋಡುತ್ತಿದ್ದೆ. ಇಪ್ಪತ್ತು ನಿಮಿಷವಾಯಿತು. ಮೂವತ್ತಾಯಿತು. ಹುಡುಗಿ ಒಂದು ಸಲ ಕಿರುಚಿದಳು, ಆಮೇಲೆ ಕೆಂಪಾಜಮ್ಮನ ದನಿ, ಮಾಮೂಲಿ ದನಿ, ಅಡುಗೆಮನೆಯಲ್ಲಿ ಯಾರಿಗೋ ಪಾತ್ರೆ ಎತ್ತಿಕೊಡು ಎನ್ನುವ ಹಾಗೆ. ನಲವತ್ತೈದಾಯಿತು. ಎಲ್ಲ ಸದ್ದೂ ನಿಂತಿತು. ಆ ಮೌನ ಎಷ್ಟು ಹೊತ್ತಿತ್ತು ಎಂಬುದನ್ನು ಮಾತ್ರ ನಾನು ಗಡಿಯಾರದಲ್ಲಿ ನೋಡಲಿಲ್ಲ.

ಮಗು ಅತ್ತಿತು. ಸಿಟ್ಟಿನ, ಒರಟು ಅಳು.

ಕೆಂಪಾಜಮ್ಮ ಹೊರಗೆ ಬಂದಳು. ಸೆರಗಿನ ತುದಿಯಿಂದ ಹಣೆ ಒರೆಸಿಕೊಳ್ಳಲು ಹೋಗಿ, ಗ್ಲೌಸ್ ನೆನಪಾಗಿ ನಿಂತಳು. ನಾನು ಒರೆಸಿದೆ. ನಲ್ಲಿಯಲ್ಲಿ ತೊಳೆದು ಆ ನೀಲಿ ಕೈಯನ್ನು ಹಾಲಿಗೆ ಅದ್ದಿ, ಇಬ್ಬರೂ ಕಾಲು ಗಂಟೆ ಕಾದೆವು. ಓರೆ ಮಾಡಿದರೆ ಹಾಲು ಸಲೀಸಾಗಿ ಹರಿಯಿತು. ಅವಳು ಚೀಟಿ ಬರೆದಳು. ನೀಲಿ, ಐವತ್ತು ನಿಮಿಷ, ಕಾಲು ಮುಂದೆ, ಗಂಡು, ಹಾಲು.

"ಇಪ್ಪತ್ತನೇದು" ಎಂದಳು.

ಆ ಮಧ್ಯಾಹ್ನವೇ ರಿಜಿಸ್ಟರಿನಲ್ಲಿ ಬರೆದೆ. ಇಂಥ ದಿನದಿಂದ ಪರೀಕ್ಷಕಳ ಕೈ ಪರೀಕ್ಷೆಗೆ ಯೋಗ್ಯವಾಗಿಲ್ಲ, ಆ ದಿನದಿಂದೀಚಿನ ಫಲಿತಾಂಶಗಳನ್ನು ರದ್ದು ಮಾಡಬೇಕು. ವಿನೈಲ್ ಇಪ್ಪತ್ತು ನಿಮಿಷದ ಒಳಗಿನ ಕೆಲಸಕ್ಕೆ ಮಾತ್ರ, ಹೆರಿಗೆ ವಾರ್ಡಿಗೆ ನೀಲಿಯದೇ ಆಗಬೇಕು. ಚೀಟಿಗಳ ಕಟ್ಟನ್ನು ಜೊತೆಗಿಟ್ಟು ಸಹಿ ಹಾಕಿ ಸದಾನಂದರಾಯರಿಗೆ ಕೊಟ್ಟೆ.

ರಾಯರು ನಿಧಾನವಾಗಿ ಓದಿದರು. "ಕೈ ಯಾರಿಗೆ ಹೋಯ್ತು ಅಂತ ಬರೆದಿಲ್ಲ?"

"ಬರೆಯೋದು ಬೇಡ ಅಂತ. ಹೆಪ್ಪಿನ ಕೈ ಊರಲ್ಲೇ ಇದೆ, ಪರೀಕ್ಷೆ ನಿಲ್ಲೋದಿಲ್ಲ."

ಅವರು ಚೀಟಿಗಳನ್ನು ಒಂದೊಂದಾಗಿ ತಿರುವಿದರು. ಮೂವತ್ತೊಂದು ವರ್ಷದಿಂದ ದಿನಾ ನೋಡಿದ ಅಕ್ಷರ ಅವರಿಗೆ ತಿಳಿಯದೆ ಇರಲು ಸಾಧ್ಯವಿರಲಿಲ್ಲ. ಕೊನೆಯ ಚೀಟಿಯನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದಿದ್ದರು. ಆಮೇಲೆ ಕನ್ನಡಕ ತೆಗೆದು, "ನಿಮ್ಮ ಕೋಣೇಲಿ ಗಾಳಿ ಸಾಲದು. ನಾಳೆಯಿಂದ ಹಾಲಿನ ಬಟ್ಟಲು ಮೇಲಿನ ವಾರ್ಡಿನ ಕಿಟಕೀಲೇ ಇರಲಿ. ನೀವು ರಿಜಿಸ್ಟರ್ ನೋಡ್ಕೊಳ್ಳಿ" ಎಂದರು.

ಊರು ಕೇಳಿತು. ಹೆಪ್ಪಮ್ಮನ ಕೈ ಹೋಯಿತಂತೆ ಎಂಬುದು ಎರಡು ದಿನದಲ್ಲಿ ಎಲ್ಲರಿಗೂ ಗೊತ್ತಾಯಿತು. ನಮ್ಮೂರಲ್ಲಿ ಕೈ ಹೋಗುವುದಕ್ಕೆ ಒಂದೇ ಕಾರಣ. ಅರವತ್ತೆಂಟರ ವಿಧವೆ ಯಾರ ಕೈ ಹಿಡಿದಳು ಎಂದು ನಲ್ಲಿಕಟ್ಟೆಯಲ್ಲಿ ಚರ್ಚೆಯಾಯಿತು. ಕೆಲವರು ಷಡಕ್ಷರಪ್ಪನವರ ಹೆಸರು ಹೇಳಿದರು, ಕೊಕ್ಕೆ ಹೊಡೆಸಿಕೊಟ್ಟದ್ದನ್ನು ಸಾಕ್ಷಿಗೆ ತಂದರು. ಅವರು ಒಂದು ವಾರ ನನ್ನ ಕೋಣೆಯ ಕಡೆ ತಲೆಹಾಕಲಿಲ್ಲ. ನಾನು ಯಾರಿಗೂ ಏನೂ ಹೇಳಲಿಲ್ಲ. ಹೇಳಿದ್ದರೆ ಗಾಡಿಗಳು ನಮ್ಮೂರಿಗೆ ಬರುವುದು ನಿಲ್ಲುತ್ತಿತ್ತು. ಒಂದು ಸಂಜೆ ಕೆಂಪಾಜಮ್ಮ ತನ್ನ ಕೈಯಿಂದ ಹೆಪ್ಪಾದ ಮೊಸರನ್ನು ಒಂದು ಡಬ್ಬಿಯಲ್ಲಿ ಕಳಿಸಿದಳು. ಮನೆಯಲ್ಲಿ ಅನ್ನಕ್ಕೆ ಕಲಸಿಕೊಂಡೆ. ಗಟ್ಟಿಯಾಗಿ, ಹುಳಿ ಕಡಿಮೆಯಾಗಿ, ಯಜಮಾನರು ಮೆಚ್ಚುತ್ತಿದ್ದ ಮೊಸರೇ. ಎರಡು ಸಲ ಬಡಿಸಿಕೊಂಡೆ.

ಮುಂದಿನ ವಾರ ಮಧ್ಯಾಹ್ನ ಚೀಟಿ ತೆಗೆದುಕೊಳ್ಳಲು ಮೇಲೆ ಹೋದಾಗ ಅವಳು ಕಿಟಕಿಯ ಪಕ್ಕ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದಳು. ದದ್ದು ಪೂರ್ತಿ ಮಾಯ್ದಿತ್ತು.

"ಊರಲ್ಲಿ ನಿಮ್ಮ ಮಾತೇ ಮಾತು ನೀಲಕ್ಕ" ಎಂದಳು. "ಯಾರ ಕೈಯೋ ಹಿಡ್ದಿದೀರಂತೆ."

"ಹಿಡೀಲಿಲ್ಲ ಕಣೇ. ಗ್ಲೌಸ್ ಹಾಕ್ಕೊಂಡು ಎಣ್ಣೆ ಹಚ್ಚಿದೆ, ಅಷ್ಟೇ."

"ಸುಮ್ಮನೆ ಅವರನ್ನ ಸುಳ್ಳರನ್ನ ಮಾಡೋದ್ಯಾಕೆ?" ಎಂದು ಅವಳು ತನ್ನ ಬರಿಗೈಯನ್ನು ಚಾಚಿದಳು. "ಕೊಡಿ ಇಲ್ಲಿ. ನಮ್ಮಿಬ್ಬರದ್ದು ಆಗಿಹೋಗಿದೆ, ಇನ್ನು ಹೆದರೋದೇನು?"

ನಾನು ಗವಸು ತೆಗೆದೆ. ಅವಳ ಕೈ ಒರಟಾಗಿತ್ತು, ಬೆಚ್ಚಗಿತ್ತು. ಮಾಯ್ದ ಬಿರುಕುಗಳ ಗೆರೆ ಬೆರಳಿಗೆ ತಿಳಿಯುತ್ತಿತ್ತು. ಒಳಗೆ ಯಾವುದೋ ಮಗು ಅಳುತ್ತಿತ್ತು, ಚೌಡಮ್ಮ ಅದನ್ನು ಸಮಾಧಾನ ಮಾಡುತ್ತಿದ್ದಳು. ಹಾಲಿನ ಕಾಲು ಗಂಟೆ ಮುಗಿದದ್ದು ನನಗೆ ಗಡಿಯಾರದಲ್ಲಿ ಕಂಡಿತು. ಬಟ್ಟಲು ಓರೆ ಮಾಡಲು ನಾನೂ ಏಳಲಿಲ್ಲ, ಅವಳೂ ಏಳಲಿಲ್ಲ.